ಕೆಲಸದ ಜೊತೆ ಪಿಎಚ್‌ಡಿ: ನಲವತ್ತರ ಹತ್ತಿರ ಬಂದವರು ಶುರು ಮಾಡಬಹುದಾ?

ಗಿರಿಸೀಮೆ:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹತ್ತಿರ ಒಂದು ಸರ್ಕಾರಿ ಪಿಯು ಕಾಲೇಜಲ್ಲಿ ಅರ್ಥಶಾಸ್ತ್ರ ಹೇಳಿಕೊಡ್ತೀನಿ. ವಯಸ್ಸು 39. ಎಂಎ ಮುಗಿಸಿ ಬಹಳ ವರ್ಷ ಆಯ್ತು, 61 ಪರ್ಸೆಂಟ್ ಇದೆ. ಮನೆಯಲ್ಲಿ ಯಜಮಾನರು, ಅತ್ತೆ, ಏಳನೇ ಕ್ಲಾಸು ಮತ್ತು ಮೂರನೇ ಕ್ಲಾಸಲ್ಲಿ ಓದೋ ಇಬ್ಬರು ಮಕ್ಕಳು.

ಪಾರ್ಟ್ ಟೈಮ್ ಪಿಎಚ್‌ಡಿ ಮಾಡಬೇಕು ಅನ್ನೋ ಆಸೆ ಮನಸ್ಸಲ್ಲಿ ಕೂತುಬಿಟ್ಟಿದೆ. ವಿಷಯ, ನಮ್ಮ ಜಿಲ್ಲೆಯ ಸಣ್ಣ ಕಾಫಿ ಬೆಳೆಗಾರರ ಆರ್ಥಿಕ ಸ್ಥಿತಿಗತಿ. ನನ್ನ ಕ್ಲಾಸಲ್ಲಿ ಕೂರೋ ಮಕ್ಕಳಲ್ಲಿ ಬಹಳ ಜನ ಎರಡು ಮೂರು ಎಕರೆ ತೋಟದ ಮನೆಯವರು, ಇಲ್ಲಾ ಎಸ್ಟೇಟ್ ಕೂಲಿಯವರ ಲೈನ್ ಮನೆಯವರು. ಬೇಡಿಕೆ ಪೂರೈಕೆ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ರೇಟ್ ಏರಿದ್ದು ಪೇಪರಲ್ಲಿ ಬಂತು, ನಮ್ಮಪ್ಪಂಗೆ ಯಾಕೆ ಆ ರೇಟ್ ಸಿಗ್ಲಿಲ್ಲ?" ಅಂತ ಕೇಳಿದ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ. ನಾನೇ ಹುಡುಕಬೇಕು ಅನ್ನಿಸಿದ್ದು ಅಲ್ಲಿಂದ.

ಆದರೆ ಸುತ್ತ ಇರೋರೆಲ್ಲ ಒಂದೊಂದು ಥರ ಹೇಳ್ತಾರೆ. ಸ್ಟಾಫ್ ರೂಮಲ್ಲಿ "ಸಂಬಳ ಏರಲ್ಲ, ಯಾಕೆ ತಲೆನೋವು" ಅಂತಾರೆ. ಅಕ್ಕ "ಮಕ್ಕಳು ಹೈಸ್ಕೂಲ್ ದಾಟಲಿ" ಅಂತಾಳೆ. ಈ ದಾರಿಯಲ್ಲಿ ನಡೆದವರು, ನಡೆದು ವಾಪಸ್ ಬಂದವರು ಇಬ್ಬರೂ ಹೇಳಿ. ಈ ವಯಸ್ಸಲ್ಲಿ, ಈ ಕೆಲಸ ಇಟ್ಕೊಂಡು ಶುರು ಮಾಡಬಹುದಾ?

ಬೇಲೂರು ಬಸ್‌ಸ್ಟ್ಯಾಂಡ್:
ಮಾಡಿ ಮೇಡಂ. ಆ ಹುಡುಗನ ಪ್ರಶ್ನೆ ದೊಡ್ಡದು. ವಿವರವಾಗಿ ರಾತ್ರಿ ಬರೀತೀನಿ.

ಹೇಮಾವತಿ ಎಡದಂಡೆ:
ಮೇಡಂ, ನಾನು ಹಾಸನದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡ್ತಾನೇ ವಿಟಿಯು ಅಡಿಯಲ್ಲಿ ಪಾರ್ಟ್ ಟೈಮ್ ಮುಗಿಸಿದವನು. ನಮಗೆ ಒಂದು ಅನುಕೂಲ ಇತ್ತು. ಇಂಜಿನಿಯರಿಂಗ್ ಕಾಲೇಜುಗಳಲ್ಲೇ ಸಂಶೋಧನಾ ಕೇಂದ್ರ ಇರೋದರಿಂದ ಗೈಡ್ ಊರಲ್ಲೇ ಸಿಗ್ತಾರೆ, ಬೆಳಗಾವಿಗೆ ಓಡಾಟ ಕಮ್ಮಿ. ನಿಮ್ಮ ವಿಷಯಕ್ಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಅಥವಾ ಮೈಸೂರಿನ ಮಾನಸಗಂಗೋತ್ರಿ ಅನ್ನಬೇಕು. ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯ್ತು, ಅಲ್ಲೂ ಒಮ್ಮೆ ಹೋಗಿ ವಿಚಾರಿಸಿ.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ, ಯಾಕಂದ್ರೆ ಬಹಳ ಜನ ಇದರಲ್ಲೇ ಗೊಂದಲ ಮಾಡ್ಕೊಳ್ತಾರೆ. ಪಿಎಚ್‌ಡಿಯಿಂದ ಸೇವೆಯಲ್ಲಿ ಲಾಭ ಇರೋದು ಡಿಗ್ರಿ ಕಾಲೇಜು, ವಿಶ್ವವಿದ್ಯಾಲಯದವರಿಗೆ. ಅಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ವೇತನದ ಲೆವೆಲ್ 10ರಿಂದ 11ಕ್ಕೆ ಹೋಗೋಕೆ ಪಿಎಚ್‌ಡಿ ಇದ್ದವರಿಗೆ 4 ವರ್ಷ, ಇಲ್ಲದವರಿಗೆ 6 ವರ್ಷ. ಅಸೋಸಿಯೇಟ್ ಪ್ರೊಫೆಸರ್ ಆಗೋಕೆ ಪಿಎಚ್‌ಡಿ ಬೇಕೇ ಬೇಕು. ಮುಂಚೆ ಪದವಿ ಬಂದ ಕೂಡಲೇ ಸಿಗ್ತಿದ್ದ ಹೆಚ್ಚುವರಿ ಇನ್‌ಕ್ರಿಮೆಂಟನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ತೆಗೆದುಹಾಕಿತು. ಇನ್ನು ನಿಮ್ಮ ಪಿಯು ಕಡೆ ಪ್ರಾಂಶುಪಾಲರಾಗೋಕೆ ಪಿಎಚ್‌ಡಿ ಬೇಕಿಲ್ಲ. ಸ್ಟಾಫ್ ರೂಮಿನವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಡಿಗ್ರಿ ಕಾಲೇಜಿಗೆ ಹೋಗೋ ಆಲೋಚನೆ ಇದ್ದರೂ ಮೊದಲ ಹೆಜ್ಜೆ ಪಿಎಚ್‌ಡಿ ಅಲ್ಲ. 2023ರ ಜುಲೈ 1ರಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ರಾಜ್ಯಮಟ್ಟದ್ದು) ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಕೆಸೆಟ್‌ಗೆ ವಯಸ್ಸಿನ ಮಿತಿ ಇಲ್ಲ. ನೇಮಕಾತಿಗೆ ಮಾತ್ರ ಇರುತ್ತೆ, ಅಧಿಸೂಚನೆ ಬಂದಾಗ ಅದನ್ನ ನೋಡ್ಕೊಳ್ಳಿ.

ಅಂದರೆ ನಿಮ್ಮ ವಿಷಯದಲ್ಲಿ ಸಂಬಳ, ಬಡ್ತಿ ಎರಡೂ ಕಾರಣ ಬಿದ್ದುಹೋದವು. ಉಳಿದಿದ್ದು ಆ ಪ್ರಶ್ನೆ ಒಂದೇ. ನನ್ನ ಕೇಳಿದರೆ ಅದೇ ಗಟ್ಟಿ ಕಾರಣ. ನಮ್ಮ ಬ್ಯಾಚಲ್ಲಿ ಬಡ್ತಿಗೋಸ್ಕರ ಸೇರಿದವರೂ ಇದ್ರು, ಒಂದು ಸಮಸ್ಯೆ ತಲೇಲಿ ಕೊರೀತಾ ಇತ್ತು ಅಂತ ಸೇರಿದವರೂ ಇದ್ರು. ನಾಲ್ಕನೇ ವರ್ಷ, ಡೇಟಾ ತಪ್ಪಾಗಿ ಬಂದು, ಗೈಡ್ ಬೈದು, ಕಾಲೇಜಲ್ಲಿ ನ್ಯಾಕ್ ಮೌಲ್ಯಮಾಪನದ ಕೆಲಸ ತಲೆ ಮೇಲೆ ಬಿದ್ದಾಗ ಮತ್ತೆ ಮೇಜಿನ ಮುಂದೆ ಕೂತವರು ಎರಡನೇ ಗುಂಪಿನವರು.

ಬ್ಯಾಂಕ್ ಕೌಂಟರ್:
ನಾನು ಹಾಸನದಲ್ಲಿ ಬ್ಯಾಂಕ್ ಅಧಿಕಾರಿ, ಎಂಕಾಂ ಆದಮೇಲೆ ಪಿಎಚ್‌ಡಿಗೆ ಅರ್ಜಿ ತಂದು, ಭರ್ತಿ ಮಾಡಿ, ಕೊಡದೇ ಉಳಿದವಳು. ಅದಕ್ಕೆ ನನಗೆ ಬೇಜಾರಿಲ್ಲ, ಆಲೋಚನೆ ಮಾಡಿಯೇ ಬಿಟ್ಟಿದ್ದು. ಹಾಗಾಗಿ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು ಅನ್ನಿಸ್ತು.

ಮೇಡಂ, ಹುಡುಗನ ಪ್ರಶ್ನೆಗೆ ಉತ್ತರ ಹುಡುಕೋಕೆ ಪಿಎಚ್‌ಡಿನೇ ಬೇಕಾ? ನಮ್ಮ ಶಾಖೆಗೆ ಬೆಳೆ ಸಾಲಕ್ಕೆ ಬರೋ ಸಕಲೇಶಪುರ, ಆಲೂರು ಕಡೆಯವರ ಹತ್ತಿರ ಎರಡು ಬೇಸಿಗೆ ರಜೆ ಕೂತು ಮಾತಾಡಿದರೆ ಒಂದು ಒಳ್ಳೆ ಕಿರುಹೊತ್ತಿಗೆ ಆಗುತ್ತೆ. ಕನ್ನಡದಲ್ಲಿ ಬರೆದರೆ ಬೆಳೆಗಾರರೇ ಓದ್ತಾರೆ. ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್, ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಸಮಿತಿ ಮುಂದೆ ಹಾಜರಿ, ಶುಲ್ಕ, ಸಹಿಗೆ ಅಲೆದಾಟ. ಇಷ್ಟೆಲ್ಲದರಲ್ಲಿ ಪ್ರಶ್ನೆಯೇ ಸವೆದುಹೋಗೋದನ್ನ ನಾನು ಹತ್ತಿರದಿಂದ ಕಂಡಿದ್ದೀನಿ. ನಿಮ್ಮ ಮಕ್ಕಳ ವಯಸ್ಸೂ ಹಾಗಿದೆ, ದೊಡ್ಡದು ಎಸ್ಸೆಸ್ಸೆಲ್ಸಿಗೆ ಬರೋ ಹೊತ್ತಿಗೆ ನೀವು ಥೀಸಿಸ್‌ನ ನಡುಮಧ್ಯದಲ್ಲಿ ಇರ್ತೀರಿ.

ಬೇಡ ಅಂತಲ್ಲ. ಪದವಿ ಇಲ್ಲದೆಯೂ ಆ ಕೆಲಸ ಮಾಡಬಹುದಾ ಅಂತ ಮೊದಲು ನಿಮ್ಮನ್ನ ನೀವೇ ಕೇಳ್ಕೊಳ್ಳಿ.

ಗಿರಿಸೀಮೆ:
ಬ್ಯಾಂಕ್ ಕೌಂಟರ್ ಅವರೇ, ನಿಮ್ಮ ಮಾತು ನೇರವಾಗಿ ನಾಟಿತು. ಸುಮ್ಮನೆ ಪುಸ್ತಕ ಬರೀಬಹುದು ನಿಜ. ಆದರೆ ನಾನು ಹತ್ತು ಮನೆ ನೋಡಿ ಬಂದು "ಸಣ್ಣ ಬೆಳೆಗಾರರಿಗೆ ಹೀಗಾಗ್ತಿದೆ" ಅಂತ ಬರೆದರೆ ಅದನ್ನ ನಂಬೋಕೆ ಆಧಾರ ಏನು ಅನ್ನೋ ಅಳುಕು ಇದೆ. ಎಷ್ಟು ಮನೆ ನೋಡಬೇಕು, ಯಾವ ಮನೆ ಆರಿಸಬೇಕು, ಲೆಕ್ಕ ಹೇಗೆ ಕಟ್ಟಬೇಕು ಅನ್ನೋದನ್ನ ಯಾರಾದರೂ ಕೂರಿಸಿ ಕಲಿಸಬೇಕು ನನಗೆ. ಎಂಎನಲ್ಲಿ ಸಂಶೋಧನಾ ವಿಧಾನ ಅಂತ ಒಂದು ಪೇಪರ್ ಇತ್ತು, ಉತ್ತರ ಬಾಯಿಪಾಠ ಮಾಡಿ ಬರೆದದ್ದು.

ಹೇಮಾವತಿ ಎಡದಂಡೆ:
ಪಿಎಚ್‌ಡಿ ಕೊಡೋದು ಅದನ್ನೇ ಮೇಡಂ. ನಿಮ್ಮ ಕೆಲಸವನ್ನ ಗೊತ್ತಿರೋರು ಕೂತು ಓದಿ, "ಇದು ನಿಲ್ಲಲ್ಲ, ಮತ್ತೆ ನೋಡಿ" ಅಂತ ಹೇಳೋ ಒಂದು ವ್ಯವಸ್ಥೆ. ಒಬ್ಬರೇ ಬರೆದರೆ ಹಾಗೆ ಹೇಳೋರು ಸಿಗಲ್ಲ. ಆದರೆ ಆ ವ್ಯವಸ್ಥೆ ಸರಿಯಾಗಿ ನಡೆಯೋದು ಗೈಡ್ ಓದಿದರೆ ಮಾತ್ರ.

ಅರಸೀಕೆರೆ ಜಂಕ್ಷನ್:
ಕೊನೇ ಸಾಲು ನೋಡಿ ಬರೀಲೇಬೇಕು ಅನ್ನಿಸ್ತು. ನಾನು ನಡೆದು ವಾಪಸ್ ಬಂದವನು.

ಮೈಸೂರು ಪ್ಯಾಸೆಂಜರಲ್ಲಿ ಹೊಳೆನರಸೀಪುರ, ಕೆ.ಆರ್. ನಗರ ದಾಟೋವರೆಗೂ ಓದ್ಕೊಂಡು ಹೋಗ್ತಿದ್ದ ಕಾಲ ಅದು. ನಾನು ನೋಂದಾಯಿಸಿದ ವಿಭಾಗದ ಹೆಸರು ಬೇಡ. ಅಧ್ಯಾಯ ಕೊಟ್ಟರೆ ತಿಂಗಳುಗಟ್ಟಲೆ ಮೇಜಿನ ಮೇಲೆ ಇರ್ತಿತ್ತು, ಕೇಳಿದರೆ "ನೋಡೋಣ, ಮುಂದಿನದು ಬರೀರಿ" ಅನ್ನೋ ಉತ್ತರ. ಅಷ್ಟರಲ್ಲಿ ಗೈಡ್ ನಿವೃತ್ತರಾದರು. ನನ್ನನ್ನ ಬೇರೆಯವರಿಗೆ ವರ್ಗಾಯಿಸಿದರು. ಹೊಸಬರಿಗೆ ನನ್ನ ವಿಷಯದಲ್ಲಿ ಆಸಕ್ತಿ ಇರಲಿಲ್ಲ, ಶೀರ್ಷಿಕೆ ಬದಲಾಯಿಸಿ ಅಂದರು. ಫೀಲ್ಡ್ ವರ್ಕ್ ಎಲ್ಲಾ ಮುಗಿದಿತ್ತು. ನನ್ನ ತಂದೆಯವರಿಗೆ ಆಗ ಡಯಾಲಿಸಿಸ್ ನಡೀತಿತ್ತು. ಬಿಟ್ಟೆ.

ಈಗ ಯುಜಿಸಿ 2022ರ ನಿಯಮದಲ್ಲಿ ಇದಕ್ಕೆ ಸ್ವಲ್ಪ ಕಡಿವಾಣ ಇದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಮ್ಮಿ ಸೇವೆ ಉಳಿದವರು ಹೊಸ ವಿದ್ಯಾರ್ಥಿಯನ್ನ ತಗೊಳ್ಳೋ ಹಾಗಿಲ್ಲ. ಮೊದಲೇ ಇದ್ದವರಿಗೆ ನಿವೃತ್ತಿ ಆದಮೇಲೆ ಸಹ-ಮಾರ್ಗದರ್ಶಕರಾಗಿ (ಕೋ-ಗೈಡ್) 70 ವರ್ಷದವರೆಗೆ ಮುಂದುವರೀಬಹುದು. ಒಬ್ಬ ಪ್ರೊಫೆಸರ್ ಹತ್ತಿರ ಒಂದು ಸಲಕ್ಕೆ 8, ಅಸೋಸಿಯೇಟ್ ಹತ್ತಿರ 6, ಅಸಿಸ್ಟೆಂಟ್ ಹತ್ತಿರ 4 ಜನಕ್ಕಿಂತ ಹೆಚ್ಚು ಇರಬಾರದು. ಆದರೂ ಪಾರ್ಟ್ ಟೈಮ್ ಮಾಡೋರಿಗೆ ಸುಲಭವಾಗಿ ಆರು ವರ್ಷ ಹಿಡಿಯುತ್ತೆ. 3 ವರ್ಷ ಬಾಕಿ ಇರೋರ ಹತ್ತಿರ ನೋಂದಾಯಿಸೋದು ನಿಯಮಕ್ಕೆ ಸರಿ, ನಿಮಗೆ ಸರಿಯಲ್ಲ. ಹುಟ್ಟಿದ ವರ್ಷ ತಿಳ್ಕೊಂಡು ಲೆಕ್ಕ ಹಾಕಿ, ಇದರಲ್ಲಿ ಸಂಕೋಚ ಬೇಡ.

ಇನ್ನೊಂದು. ಶೋಧಗಂಗಾ ಜಾಲತಾಣದಲ್ಲಿ ಥೀಸಿಸ್‌ಗಳು ಉಚಿತವಾಗಿ ಸಿಗುತ್ತವೆ. ನೀವು ಯಾರ ಹತ್ತಿರ ಹೋಗಬೇಕು ಅಂತಿದ್ದೀರೋ ಅವರ ಹೆಸರಲ್ಲಿ ಹುಡುಕಿ, ಅವರ ಕೈಕೆಳಗೆ ಬಂದ ಎರಡು ಥೀಸಿಸ್ ಪೂರ್ತಿ ಓದಿ. ಒಂದೇ ಪ್ರಶ್ನಾವಳಿ, ಒಂದೇ ಅಧ್ಯಾಯ ವಿಂಗಡಣೆ, ತಾಲ್ಲೂಕಿನ ಹೆಸರು ಮಾತ್ರ ಬೇರೆ ಅಂತ ಕಂಡರೆ ಅಲ್ಲಿಗೆ ಹೋಗಬೇಡಿ. ಆಮೇಲೆ ಈಗ ಅವರ ಹತ್ತಿರ ಇರೋ ವಿದ್ಯಾರ್ಥಿಗಳನ್ನ ಕ್ಯಾಂಟೀನ್‌ನಲ್ಲಿ ಮಾತಾಡಿಸಿ. ಕೊನೆಗೆ ನಾಲ್ಕು ಪುಟದ ಟಿಪ್ಪಣಿ ಬರೆದು ಅವರ ಕೈಗೇ ಕೊಡಿ. ಅದು ಪೆನ್ನಿನ ಗುರುತು ಬಿದ್ದು ವಾಪಸ್ ಬಂದರೆ, ಎಷ್ಟೇ ಕಟುವಾಗಿ ಬರೆದಿದ್ದರೂ ಸರಿ, ಅವರೇ ನಿಮ್ಮ ಗೈಡ್.

ಬೇಲೂರು ಬಸ್‌ಸ್ಟ್ಯಾಂಡ್:
ರಾತ್ರಿ ಬರೀತೀನಿ ಅಂದಿದ್ದೆ. ನಾನು ಹೈಸ್ಕೂಲ್ ಕನ್ನಡ ಮೇಷ್ಟ್ರು. ನನ್ನ ವಿಷಯ ಬೇಲೂರು ತಾಲ್ಲೂಕಿನ ಶಾಸನಗಳಲ್ಲಿ ಕೆರೆಗಳು. ನಮ್ಮ ಹಲ್ಮಿಡಿ ಇದೇ ತಾಲ್ಲೂಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಹಳ್ಳಿ ಹಳ್ಳಿಯಲ್ಲಿ ಹೆಸರಿಲ್ಲದ ಕಲ್ಲುಗಳಿವೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂದದ್ದು. ಅದರಲ್ಲಿ ಹೇಳಿರೋ ಕಲ್ಲು ಈಗ ಎಲ್ಲಿದೆ, ಅದರಲ್ಲಿ ಬಂದಿರೋ ಕೆರೆ ಈಗ ಇದೆಯಾ ಅಂತ ಹುಡುಕೋದೇ ನನ್ನ ಕೆಲಸ.

ಭಾನುವಾರ ಬೆಳಿಗ್ಗೆ ಬಿಸಿಲು ಏರೋ ಮುಂಚೆ ಹೋಗ್ತಿದ್ದೆ. ಬೆಳಕು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತೆ, ಹತ್ತು ಗಂಟೆ ಆದಮೇಲೆ ಅದೇ ಕಲ್ಲು ಬರೀ ಬೋಳು. ಒಂದು ಊರಲ್ಲಿ ಕಲ್ಲನ್ನ ಮಗುಚಿ ಬಟ್ಟೆ ಒಗೆಯೋಕೆ ಹಾಕಿದ್ರು, ಊರವರೇ ಐದಾರು ಜನ ಸೇರಿ ಎತ್ತಿ ನಿಲ್ಲಿಸಿದರು. ದಾನ ಕೊಟ್ಟ ಗದ್ದೆಯ ಎಲ್ಲೆ ಹೇಳೋವಾಗ ಬಂದ ಹಳ್ಳದ ಹೆಸರು ಇವತ್ತಿಗೂ ಅಲ್ಲಿಯವರ ಬಾಯಲ್ಲಿ ಹಾಗೇ ಇದೆ. ಆ ಅಜ್ಜಂದಿರ ಹತ್ತಿರ ಕೂತು ಕೇಳಿದ್ದು ನನ್ನ ಥೀಸಿಸ್‌ನ ಒಂದು ಅಧ್ಯಾಯ.

ಮೇಡಂ, ಪೂರ್ಣಾವಧಿ ವಿದ್ಯಾರ್ಥಿಗೆ ಫೆಲೋಶಿಪ್ ಇರುತ್ತೆ. ಜೆಆರ್‌ಎಫ್ ಸಿಕ್ಕಿದವರಿಗೆ ತಿಂಗಳಿಗೆ 37,000. ಕೆಲಸದಲ್ಲಿರೋ ನಮಗೆ ಅದಿಲ್ಲ. ಆದರೆ ನಾವು ಫೀಲ್ಡ್‌ನಲ್ಲೇ ವಾಸ ಮಾಡ್ತೀವಿ. ದೂರದಿಂದ ಬಂದ ಸಂಶೋಧಕನಿಗೆ ಬಾಗಿಲು ತೆಗೀಬೇಕಾದರೆ ಜನ ಹತ್ತು ಸಲ ಆಲೋಚಿಸ್ತಾರೆ. ನಿಮಗೆ "ನಮ್ಮ ಹುಡುಗನ ಮೇಡಂ ಬಂದ್ರು" ಅಂತ ಕಾಫಿ ಕೊಟ್ಟು ಕೂರಿಸ್ತಾರೆ. ಕೆಲಸ ಮಾಡೋ ಜಾಗದಿಂದಲೇ ಪ್ರಶ್ನೆ ಹುಟ್ಟಿದ್ದರೆ ಕೆಲಸ ಮತ್ತು ಪಿಎಚ್‌ಡಿ ಒಂದನ್ನೊಂದು ತಿನ್ನಲ್ಲ. ನಿಮ್ಮದು ಹಾಗಿದೆ, ಅದಕ್ಕೇ ನಾನು ಮೊದಲ ಸಾಲಲ್ಲೇ ಮಾಡಿ ಅಂದದ್ದು.

ಹೂಮಳೆ:
ನಾನು ಮೂಡಿಗೆರೆ ತಾಲ್ಲೂಕಿನ ಬೆಳೆಗಾರ. ನಾಲ್ಕೆಕರೆ, ಸ್ವಲ್ಪ ಅರೇಬಿಕಾ, ಉಳಿದದ್ದು ರೋಬಸ್ಟಾ, ನಡುವೆ ಮೆಣಸು. ಪಿಎಚ್‌ಡಿ ಬಗ್ಗೆ ನನಗೆ ತಿಳಿಯದು. ಆದರೆ ಮೇಡಂ ವಿಷಯದ ಬಗ್ಗೆ ಒಂದು ಮಾತು ಹೇಳಬೇಕು.

"ಆರ್ಥಿಕ ಸ್ಥಿತಿಗತಿ" ಅಂತ ಹಿಡಿದರೆ ನೀವು ನನ್ನ ಮನೆಗೆ ಬಂದು ಎಷ್ಟು ಎಕರೆ, ಎಷ್ಟು ಮೂಟೆ, ಎಷ್ಟು ಸಾಲ ಅಂತ ಬರ್ಕೊಂಡು ಹೋಗ್ತೀರಿ. ಹಾಗೆ ಬರ್ಕೊಂಡು ಹೋದವರು ಬಹಳ ಜನ ಆಗಿದ್ದಾರೆ. ಆ ಹುಡುಗ ಕೇಳಿದ್ದು ಬೇರೆ. ಪೇಪರಿನ ರೇಟು ಅಪ್ಪನ ಕೈಗೆ ಬರೋವಷ್ಟರಲ್ಲಿ ಎಲ್ಲಿ ಸೋರಿತು ಅಂತ ಅವನು ಕೇಳಿದ್ದಾನೆ. ಅದನ್ನೇ ಹಿಡೀರಿ.

ಎಲ್ಲಿ ಸೋರುತ್ತೆ ಅಂತ ಹೇಳ್ತೀನಿ ಕೇಳಿ. ಪೇಪರಲ್ಲಿ ಬರೋದು 50 ಕೆಜಿ ಮೂಟೆ ರೇಟು. ಅರೇಬಿಕಾ ಪಾರ್ಚ್‌ಮೆಂಟ್‌ಗೆ ಒಂದು ರೇಟು, ಚೆರ್ರಿಗೆ ಅದಕ್ಕಿಂತ ಬಹಳ ಕಮ್ಮಿ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಸಿಪ್ಪೆ ಸಮೇತ ಒಣಗಿಸಿದ್ದು ಚೆರ್ರಿ. ಪಾರ್ಚ್‌ಮೆಂಟ್ ಮಾಡಬೇಕಾದರೆ ಸಿಪ್ಪೆ ತೆಗೆಯೋ ಪಲ್ಪರ್ ಯಂತ್ರ ಬೇಕು, ನೀರು ಬೇಕು. ಎರಡೆಕರೆಯವನ ಹತ್ತಿರ ಎರಡೂ ಇರಲ್ಲ, ಹಣ್ಣನ್ನ ಹಾಗೇ ಕಣದಲ್ಲಿ ಒಣಗಿಸ್ತಾನೆ. ರೋಬಸ್ಟಾ ಚೆರ್ರಿ ತಗೊಂಡು ಹೋದರೆ ಓಟಿ ನೋಡ್ತಾರೆ. ಒಂದು ಮೂಟೆ ಹಲ್ಲಿಂಗ್ ಮಾಡಿದರೆ, ಅಂದರೆ ಒಣ ಸಿಪ್ಪೆ ಬಿಡಿಸಿದರೆ, ಎಷ್ಟು ಕೆಜಿ ಬೀಜ ಬರುತ್ತೆ ಅನ್ನೋ ಲೆಕ್ಕ ಅದು. ಜೊತೆಗೆ ತೇವಾಂಶ. ಒಂದು ಓಟಿ ಕಮ್ಮಿ ಹೇಳಿದರೂ ಮೂಟೆಗೆ ಎಷ್ಟೋ ಹೋಯ್ತು. ನಮ್ಮ ಹತ್ತಿರ ಅಳೆಯೋ ಯಂತ್ರ ಇಲ್ಲ.

ಅದಕ್ಕಿಂತ ದೊಡ್ಡದು ಬಟವಾಡೆ. ಕುಯ್ಲು ನಡೆಯುವಾಗ ವಾರಕ್ಕೊಮ್ಮೆ ಆಳುಗಳಿಗೆ ದುಡ್ಡು ಕೊಡಲೇಬೇಕು. ಕೊಡದಿದ್ದರೆ ಸೋಮವಾರ ಪಕ್ಕದ ತೋಟಕ್ಕೆ ಹೋಗ್ತಾರೆ, ಹಣ್ಣು ನೆಲಕ್ಕೆ ಬೀಳುತ್ತೆ. ಆ ದುಡ್ಡಿಗೆ ವ್ಯಾಪಾರಿ ಹತ್ತಿರ ಮುಂಗಡ ತಗೊಂಡಿರ್ತೀವಿ. ಕೆಲವರು ಗೊಬ್ಬರಕ್ಕೂ ಮಳೆಗಾಲದಲ್ಲೇ ತಗೊಂಡಿರ್ತಾರೆ. ಮುಂಗಡ ತಗೊಂಡವನು ರೇಟು ಏರೋವರೆಗೂ ಮೂಟೆ ಇಟ್ಟುಕೊಂಡು ಕೂರೋಕಾಗಲ್ಲ, ಒಣಗಿದ ಕೂಡಲೇ ಅವರ ಗೋಡೌನ್‌ಗೆ ಹೋಗಬೇಕು. ಗೋಡೌನ್ ಇದ್ದು, ಕೈಯಲ್ಲಿ ದುಡ್ಡಿದ್ದವನಿಗೆ ಪೇಪರಿನ ರೇಟು ಸಿಗುತ್ತೆ. ಮುಂಗಡದ ಚೀಟಿ, ತೂಕದ ಚೀಟಿ, ಬಿಲ್ಲು ಎಲ್ಲಾ ನನ್ನ ಹತ್ತಿರ ಕಟ್ಟು ಕಟ್ಟಿ ಇಟ್ಟಿದ್ದೀನಿ. ಯಾರೂ ಇದುವರೆಗೆ ಕೇಳಿಲ್ಲ.

ನಮ್ಮ ಅಪ್ಪನ ಕಾಲದಲ್ಲಿ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ಎಲ್ಲರದ್ದನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರ್ತಿತ್ತು, ಪೂಲಿಂಗ್ ಅಂತಿದ್ರು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲ ಮಾಡಿ 1996ರ ಹೊತ್ತಿಗೆ ಪೂರ್ತಿ ತೆಗೆದರು. ಎರಡೂ ಕಾಲ ಕಂಡವರು ಈಗ ಎಪ್ಪತ್ತರ ಮೇಲಿದ್ದಾರೆ. ಅವರನ್ನ ಮಾತಾಡಿಸೋದಿದ್ದರೆ ತಡ ಮಾಡಬೇಡಿ.

ಬರೋ ಕಾಲದ ಬಗ್ಗೆಯೂ ಹೇಳಿಬಿಡ್ತೀನಿ. ನವೆಂಬರಿಂದ ಜನವರಿ ಅರೇಬಿಕಾ, ಅಲ್ಲಿಂದ ಮಾರ್ಚ್‌ವರೆಗೆ ರೋಬಸ್ಟಾ. ಆಗ ಯಾರಿಗೂ ನಿಮ್ಮ ಜೊತೆ ಕೂರೋಕೆ ಪುರುಸೊತ್ತಿಲ್ಲ. ಏಪ್ರಿಲ್, ಮೇನಲ್ಲಿ ಮಾರಾಟದ ಲೆಕ್ಕ ತಲೆಯಲ್ಲಿ ಹಸಿಯಾಗಿರುತ್ತೆ. ಇಲ್ಲಾ ಜುಲೈ, ಆಗಸ್ಟ್ ಮಳೆಯಲ್ಲಿ ಬನ್ನಿ, ಎಲ್ಲರೂ ಮನೆಯಲ್ಲೇ ಇರ್ತಾರೆ, ರಸ್ತೆ ಮಾತ್ರ ಕಷ್ಟ. ಒಂದು ಕೇಳ್ಕೊಳ್ತೀನಿ. ಹೂ ಮಳೆ ಬಿದ್ದು ಹಿಂದೆಯೇ ಬ್ಯಾಕಿಂಗ್ ಮಳೆ ಬರದಿದ್ದರೆ ಹೂವೆಲ್ಲ ವ್ಯರ್ಥ. ಶುರು ಮಾಡೋ ಮುಂಚೆ ನಿಮಗೆ ಬ್ಯಾಕಿಂಗ್ ಯಾರು ಅಂತ ನೋಡ್ಕೊಳ್ಳಿ.

ಬ್ಯಾಂಕ್ ಕೌಂಟರ್:
ಹೂಮಳೆ ಅಣ್ಣ, ನೀವು ಬರೆದದ್ದು ಓದಿದ ಮೇಲೆ ನನ್ನ ಅಭಿಪ್ರಾಯ ಅರ್ಧ ಬದಲಾಯ್ತು. ಈ ಚೀಟಿಗಳ ಮೇಲೆ ಕ್ರಮವಾಗಿ ಕೆಲಸ ಆಗಬೇಕು, ಅದು ಕಿರುಹೊತ್ತಿಗೆಯ ಕೆಲಸ ಅಲ್ಲ. ಉಳಿದರ್ಧ ಹಾಗೇ ಇದೆ: ನೋಂದಣಿಗೆ ಮುಂಚೆ ಒಂದು ಬೇಸಿಗೆ ಹತ್ತು ಮನೆಗೆ ಹೋಗಿ ಬನ್ನಿ ಮೇಡಂ. ಆಮೇಲೂ ಹನ್ನೊಂದನೇ ಮನೆಗೆ ಹೋಗೋ ಆಸೆ ಉಳಿದಿದ್ದರೆ ಅರ್ಜಿ ಹಾಕಿ.

ಶೃಂಗೇರಿ ರೋಡ್:
ನಡುವೆ ಬಂದೆ ಅಂತ ಬೇಜಾರಾಗಬೇಡಿ. ನಾನೂ ಕೆಲಸದಲ್ಲಿ ಇರೋನೇ, ಕಾಮರ್ಸ್. ದುಡ್ಡು ಕೊಟ್ಟರೆ ಥೀಸಿಸ್ ಬರೆದುಕೊಡೋರು ಇದ್ದಾರಂತೆ, ಟೈಮ್ ಇಲ್ಲದವರು ಹಾಗೇ ಮಾಡ್ತಾರಂತೆ. ನಿಜವಾ?

ಬೇಲೂರು ಬಸ್‌ಸ್ಟ್ಯಾಂಡ್:
ಇದ್ದಾರೆ ತಮ್ಮಾ, ಅವರ ಹತ್ತಿರ ಹೋಗಬೇಡ. ಯುಜಿಸಿ 2018ರ ಕೃತಿಚೌರ್ಯ ನಿಯಮದಲ್ಲಿ ಹೋಲಿಕೆ 10 ಪರ್ಸೆಂಟ್ ದಾಟಿದರೆ ತಿದ್ದಿ ಕೊಡಬೇಕು, 40 ದಾಟಿದರೆ ಒಂದು ವರ್ಷ ಸಲ್ಲಿಸೋ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಪದವಿ ಬಂದಮೇಲೆ ಸಿಕ್ಕಿಬಿದ್ದರೂ ಬಿಡಲ್ಲ. ನಿಯಮ ಬಿಡು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಎಲ್ಲರ ಎದುರು ನಿಂತು ಬೇರೆಯವರು ಬರೆದ ಅಧ್ಯಾಯವನ್ನ ನನ್ನದು ಅಂತ ಹೇಳಿ, ಮಾರನೇ ದಿನ ಕ್ಲಾಸಿಗೆ ಹೋಗಿ ಕಾಪಿ ಹೊಡೆದ ಹುಡುಗನಿಗೆ ಬುದ್ಧಿ ಹೇಳೋಕೆ ಆಗುತ್ತಾ? ದುಡ್ಡು ತಗೊಂಡು ಲೇಖನ ಪ್ರಕಟಿಸೋ ಪತ್ರಿಕೆಗಳ ಬಗ್ಗೆಯೂ ಹುಷಾರು. ಮುಂಚೆ ಒಳ್ಳೆ ಪತ್ರಿಕೆಗಳ ಕೇರ್ ಪಟ್ಟಿ ಅಂತ ಒಂದಿತ್ತು, 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನ ಕೈಬಿಟ್ಟಿತು. ಈಗ ಒಳ್ಳೆ ಪತ್ರಿಕೆ ಯಾವುದು ಅಂತ ಗೈಡ್ ಜೊತೆ ಕೂತು ನಾವೇ ನೋಡಬೇಕು.

ಕಡೂರು ಬಯಲು:
ಎಲ್ಲರೂ ವಿಷಯ, ಗೈಡ್ ಅಂತ ಮಾತಾಡ್ತಿದ್ದೀರಿ, ಮನೆ ಬಗ್ಗೆ ಯಾರೂ ಬರೀಲಿಲ್ಲ. ಗಿರಿಸೀಮೆ, ನಾನು ನಿಮಗಿಂತ ದೊಡ್ಡವಳು, ಡಿಗ್ರಿ ಕಾಲೇಜಲ್ಲಿ ಸಮಾಜಶಾಸ್ತ್ರ. ಎರಡನೇ ಮಗು ಅಂಗನವಾಡಿಗೆ ಹೋಗ್ತಿದ್ದಾಗ ಸೇರಿ, ಪೂರ್ತಿ ಮುಗಿಸಿದೆ.

ಅವಧಿ ನೋಡಿ ಹೆದರಬೇಡಿ. ಈಗಿನ ನಿಯಮದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿ 2 ವರ್ಷ ಪಡೀಬಹುದು. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಇದೆ, ಅಲ್ಲಿಗೆ ಒಟ್ಟು 10. ಹೆರಿಗೆ, ಮಕ್ಕಳ ಆರೈಕೆಗೆ ಒಟ್ಟಾರೆ 240 ದಿನದವರೆಗೆ ರಜೆ ಕೊಡೋ ಅವಕಾಶವೂ ಇದೆ. ಕೇಳಿದರೆ ಮಾತ್ರ ಹೇಳ್ತಾರೆ, ಕೇಳಿ.

ಮನೆಯವರ ಹತ್ತಿರ "ಪಿಎಚ್‌ಡಿ ಮಾಡ್ಲಾ" ಅಂತ ಕೇಳಿದರೆ ಎಲ್ಲರೂ "ಮಾಡು" ಅಂತಾರೆ. ಅದು ಒಪ್ಪಿಗೆ ಅಲ್ಲ, ಪ್ರೀತಿ. ಒಪ್ಪಿಗೆ ಬೇಕಾದರೆ ಬಿಡಿಸಿ ಕೇಳಬೇಕು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಅಡುಗೆ ಯಾರದು? ಕೋರ್ಸ್‌ವರ್ಕ್ ಇರೋ ಸೆಮಿಸ್ಟರಲ್ಲಿ ನಾನು ಶಂಕರಘಟ್ಟದಲ್ಲಿ ಉಳಿದರೆ ಮಕ್ಕಳಿಗೆ ಜ್ವರ ಬಂದಾಗ ರಜೆ ಹಾಕೋರು ಯಾರು? ಅತ್ತೆಯವರ ಬಿಪಿ ಮಾತ್ರೆ ಯಾರ ಜವಾಬ್ದಾರಿ? ನಮ್ಮನೆಯವರು ಮೊದಲು ಸುಮ್ಮನಿದ್ದರು. ಆಮೇಲೆ ರಾತ್ರಿ ಊಟ ನನ್ನದು ಅಂದರು, ಇವತ್ತಿಗೂ ಅವರದೇ. ಮುದ್ದೆ ತಿರುಗಿಸೋದನ್ನ ನಮ್ಮತ್ತೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತು ಕಲಿಸಿದರು. ಗಂಟಿಲ್ಲದ ಮುದ್ದೆ ಬಂದ ದಿನ ಅವರು ಊರಿಗೆಲ್ಲಾ ಫೋನ್ ಮಾಡಿ ಹೇಳಿದ್ದಾರೆ.

ನೆಂಟರ ಮದುವೆ, ಗೃಹಪ್ರವೇಶ ಬಹಳ ತಪ್ಪಿತು. ಒಬ್ಬರು ಅತ್ತಿಗೆ ಮಾತು ಬಿಟ್ಟರು. ಇದೂ ಖರ್ಚಿನ ಲೆಕ್ಕದಲ್ಲಿ ಬರುತ್ತೆ, ಮುಂಚೆಯೇ ತಿಳಿದಿರಲಿ. ಆದರೆ ನಿಮ್ಮ ಅಕ್ಕ ಹೇಳೋ ಹಾಗೆ ಮಕ್ಕಳು ಹೈಸ್ಕೂಲ್ ದಾಟೋವರೆಗೆ ಕಾದರೆ ಆಗ ಪಿಯು ಅಂತಾರೆ, ಸಿಇಟಿ ಅಂತಾರೆ, ಆಮೇಲೆ ಅತ್ತೆಯವರ ಆರೋಗ್ಯ ಅಂತಾರೆ. ನನ್ನ ಮಗಳು ನನ್ನ ಪಕ್ಕದ ಮೇಜಲ್ಲೇ ಓದ್ಕೊಂಡು ಬೆಳೆದಳು. ನಾನು ಓದ್ತಾ ಕೂತಿದ್ದಕ್ಕೆ ಅವಳಿಗೆ ಏನೂ ಕಮ್ಮಿಯಾಗಲಿಲ್ಲ.

ಗಿರಿಸೀಮೆ:
ಎಲ್ಲರ ಮಾತನ್ನೂ ಓದಿ, ಯಜಮಾನರಿಗೂ ಓದಿ ಹೇಳಿದೆ. ಕಡೂರು ಅಕ್ಕ, ನಿಮ್ಮ ಪ್ರಶ್ನೆಗಳನ್ನ ಹಾಗೇ ಇಟ್ಟೆ. ಶನಿವಾರ ಭಾನುವಾರದ ಅಡುಗೆ ಅವರು ಒಪ್ಪಿದ್ದಾರೆ. ಕೋರ್ಸ್‌ವರ್ಕ್ ಸೆಮಿಸ್ಟರ್ ಬಗ್ಗೆ ಇನ್ನೂ ಮಾತು ನಡೀತಿದೆ, ತರೀಕೆರೆ ಮೇಲೆ ದಿನಾ ಓಡಾಡೋದಾ, ಅಲ್ಲೇ ಹಾಸ್ಟೆಲ್ ಕೇಳೋದಾ ಅಂತ.

ಈ ವರ್ಷ ಅರ್ಜಿ ಹಾಕಲ್ಲ. ದ್ವಿತೀಯ ಪಿಯು ಪರೀಕ್ಷೆ, ಮೌಲ್ಯಮಾಪನ ಮುಗಿದ ಕೂಡಲೇ ಹತ್ತು ಮನೆಗೆ ಹೋಗ್ತೀನಿ. ಮುಂಗಡ ತಗೊಂಡ ಐದು ಮನೆ, ತಗೊಳ್ಳದ ಐದು ಮನೆ. ಹೂಮಳೆ ಅಣ್ಣ, ನಿಮ್ಮ ಚೀಟಿ ಕಟ್ಟು ನೋಡೋಕೆ ಮೊದಲು ನಿಮ್ಮನೆಗೇ ಬರ್ತೀನಿ. ಅದರ ಮೇಲೆ ನಾಲ್ಕು ಪುಟ ಬರೆದು ಇಬ್ಬರು ಪ್ರಾಧ್ಯಾಪಕರಿಗೆ ಕೊಡ್ತೀನಿ. ಯಾರ ಕೈಯಿಂದ ಪೆನ್ನಿನ ಗುರುತು ಬಿದ್ದು ಬರುತ್ತೋ ನೋಡೋಣ. ಶೀರ್ಷಿಕೆಯಿಂದ "ಸ್ಥಿತಿಗತಿ" ತೆಗೆದಿದ್ದೀನಿ. ಈಗಿನದು, "ಮೂಡಿಗೆರೆ ತಾಲ್ಲೂಕಿನ ಸಣ್ಣ ಹಿಡುವಳಿಗಳಲ್ಲಿ ಮುಂಗಡ ಮತ್ತು ಕಾಫಿ ಮಾರಾಟದ ಸಮಯ".

ಎರಡು ವಿಷಯ ಉಳಿದವು. ಪ್ರವೇಶ ಪರೀಕ್ಷೆ ಹೇಗಿರುತ್ತೆ? ಮತ್ತೆ ಕಚೇರಿ ಕೊಡೋ ಎನ್‌ಒಸಿಯಲ್ಲಿ (ನಿರಾಕ್ಷೇಪಣಾ ಪತ್ರ) ಏನು ಇರಬೇಕು? ನಮ್ಮ ಕಚೇರಿಯಲ್ಲಿ ಕೇಳಿದರೆ "ಅಭ್ಯಂತರ ಇಲ್ಲ" ಅಂತ ಒಂದು ಸಾಲು ಬರೆದು ಕೊಡ್ತೀವಿ ಅಂದರು.

ಹೇಮಾವತಿ ಎಡದಂಡೆ:
ಒಂದು ಸಾಲು ಸಾಲಲ್ಲ ಮೇಡಂ. 2022ರ ನಿಯಮದ ಪ್ರಕಾರ ಪಾರ್ಟ್ ಟೈಮ್ ಅಭ್ಯರ್ಥಿಯ ಎನ್‌ಒಸಿಯಲ್ಲಿ ಮೂರು ಮಾತು ಸ್ಪಷ್ಟವಾಗಿ ಇರಬೇಕು. ಪಾರ್ಟ್ ಟೈಮ್ ಓದೋಕೆ ಅನುಮತಿ ಕೊಟ್ಟಿದೆ ಅಂತ ಒಂದು. ಕಚೇರಿ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತೆ ಅಂತ ಇನ್ನೊಂದು. ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸೋಕೆ ಕರ್ತವ್ಯದಿಂದ ಬಿಡುಗಡೆ ಮಾಡ್ತೀವಿ ಅಂತ ಮೂರನೇದು. ಕೊನೆಯದನ್ನ ಬರೆಯೋಕೆ ಹಿಂದೆಮುಂದೆ ನೋಡ್ತಾರೆ, ಅದಕ್ಕೇ ಬೇಗ ಶುರು ಮಾಡಿ. ಪ್ರಾಂಶುಪಾಲರ ಮೂಲಕ ಅರ್ಜಿ ಕೊಡಿ, ನಿಯಮದ ಆ ಪುಟವನ್ನ ಜೊತೆಗೆ ಲಗತ್ತಿಸಿ, ನಿಮ್ಮ ಪ್ರತಿ ಮೇಲೆ ಸೀಲು, ಆವಕ ಸಂಖ್ಯೆ ಹಾಕಿಸ್ಕೊಳ್ಳಿ. ಆನ್‌ಲೈನ್, ದೂರಶಿಕ್ಷಣದ ಪಿಎಚ್‌ಡಿ ಮಾಡಿಸ್ತೀವಿ ಅಂತ ಯಾರಾದರೂ ಬಂದರೆ ಹತ್ತಿರ ಸೇರಿಸಬೇಡಿ, ಅದಕ್ಕೆ ಮಾನ್ಯತೆ ಇಲ್ಲ.

ಪರೀಕ್ಷೆ ಬಗ್ಗೆ: ವಿಶ್ವವಿದ್ಯಾಲಯದ್ದೇ ಪ್ರವೇಶ ಪರೀಕ್ಷೆ ಆದರೆ ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ. 50 ಪರ್ಸೆಂಟ್ ಬಂದರೆ ಸಂದರ್ಶನಕ್ಕೆ ಕರೀತಾರೆ, ಮೀಸಲಾತಿ ಇರೋರಿಗೆ 5 ಪರ್ಸೆಂಟ್ ರಿಯಾಯಿತಿ. ಪರೀಕ್ಷೆಗೆ 70, ಸಂದರ್ಶನಕ್ಕೆ 30 ತೂಕ. 2024ರ ಜೂನ್‌ನಿಂದ ನೆಟ್ ಅಂಕದ ಮೇಲೂ ಪಿಎಚ್‌ಡಿ ಪ್ರವೇಶಕ್ಕೆ ದಾರಿ ಮಾಡಿದ್ದಾರೆ, ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತೆ. ನಿಮ್ಮ ಎಂಎ 61 ಇರೋದರಿಂದ 55ರ ಅರ್ಹತೆ ಬಗ್ಗೆ ಚಿಂತೆ ಇಲ್ಲ. ಥೀಸಿಸ್ ಕನ್ನಡದಲ್ಲಿ ಬರೀಬೇಕು ಅಂತಿದ್ದರೆ ವಿಭಾಗದಲ್ಲಿ ಮೊದಲ ದಿನವೇ ಕೇಳಿ, ಲಿಖಿತವಾಗಿ ತಗೊಳ್ಳಿ. ಸಂಶೋಧನಾ ವಿಧಾನದ ನನ್ನ ಹಳೇ ನೋಟ್ಸ್ ಇವೆ. ಡೈರಿ ಸರ್ಕಲ್ ಹತ್ತಿರ ನಮ್ಮ ಮನೆ, ಹಾಸನಕ್ಕೆ ಬಂದಾಗ ತಗೊಂಡು ಹೋಗಿ. ಅಂಕಿಅಂಶದ ಭಾಗ ಇಂಜಿನಿಯರಿಂಗ್‌ಗೆ ಬರೆದದ್ದು, ಮಾದರಿ ಆರಿಸೋ ಅಧ್ಯಾಯ ಮಾತ್ರ ನಿಮಗೂ ಆಗುತ್ತೆ.